ರೇಸು ಕೊಡಬಾರದ ಗಾಡಿ

ಆ ಸ್ಕೂಟರು ನಮ್ಮ ಮನೆಗೆ ಬಂದ ಮೊದಲ ಸಂಜೆ, ದೇವರ ಮುಂದೆ ದೀಪ ಹಚ್ಚಿ ಜಗಲಿಗೆ ಬಂದವಳು ಗೋಡೆಯ ಮೇಲೆ ಮಿಣುಕುತ್ತಿದ್ದ ಹಸಿರು ದೀಪವೊಂದಕ್ಕೆ ಅರಿವಿಲ್ಲದೆ ಕೈಮುಗಿದುಬಿಟ್ಟೆ. ಅದು ಗಾಡಿಗೆ ಕರೆಂಟು ತುಂಬುವ ಚಾರ್ಜರಿನ ದೀಪ. ಹೊಟ್ಟೆ ತುಂಬಿತು, ಇನ್ನು ಸಾಕು ಎಂದು ಹೇಳಬೇಕಾದಾಗ ಅದು ಕೆಂಪಿನಿಂದ ಹಸಿರಿಗೆ ತಿರುಗುತ್ತದೆ. ಅಲ್ಲೇ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ ನಮ್ಮನೆಯವರು ತಲೆಯೆತ್ತಿ, "ಕೈ ಮುಗಿದದ್ದು ಆತು. ಇನ್ನು ಒಂದು ಆರತಿಯೂ ಎತ್ತಿಬಿಡು" ಎಂದರು.

ನಗಲಿ ಬಿಡಿ. ನಾನು ಹುಟ್ಟಿ ಬೆಳೆದದ್ದು ಯಲ್ಲಾಪುರ ತಾಲೂಕಿನ ಇಡಗುಂದಿಯಲ್ಲಿ. ಅಲ್ಲಿ ನಮ್ಮನೆಗೆ ಕರೆಂಟು ಬಂದಾಗ ನಾನು ಎರಡನೇ ಇಯತ್ತೆ. ಬಂದದ್ದೇನೋ ಬಂತು, ಬಂದಷ್ಟೇ ಸಲೀಸಾಗಿ ಹೋಗುತ್ತಲೂ ಇತ್ತು. ಹೋದ ಕರೆಂಟು ಮರಳಿ ಬಂದಾಗ ಮನೆಮಂದಿಯೆಲ್ಲ ಬಲ್ಬಿಗೆ ಕೈಮುಗಿಯುತ್ತಿದ್ದೆವು; ಉಣ್ಣುತ್ತಿದ್ದವರು ಎಡಗೈಯೊಂದನ್ನೇ ಎದೆಯ ಹತ್ತಿರ ತಂದುಕೊಳ್ಳುತ್ತಿದ್ದರು. "ಬಲ್ಬಿಗೆ ಎಂತಕ್ಕೆ ಕೈ ಮುಗಿಯದು ಅಜ್ಜಿ?" ಎಂದು ಕೇಳಿದ್ದಕ್ಕೆ ಅಜ್ಜಿ, "ಬೆಳಕು ಯಾರ ಮನೆಯಿಂದ ಬಂದ್ರೂ ಬೆಳಕೇ ಮಗಾ" ಎಂದಿದ್ದಳು. ಆ ಅಭ್ಯಾಸ ಐವತ್ತು ದಾಟಿದರೂ ನನ್ನ ಕೈ ಬಿಟ್ಟಿಲ್ಲ. ಒಮ್ಮೆ ಶಿರಸಿಯ ಬ್ಯಾಂಕಿನಲ್ಲಿ ಕರೆಂಟು ಬಂದಾಗಲೂ ಕೈಮುಗಿದದ್ದಕ್ಕೆ, ಕೌಂಟರಿನ ಹಿಂದಿದ್ದ ಹುಡುಗಿ ತನಗೇ ಎಂದುಕೊಂಡು ಪಾಪ ಎದ್ದು ನಿಂತು ತಿರುಗಿ ನಮಸ್ಕಾರ ಮಾಡಿದ್ದಳು.

ಬಲ್ಬಿಗೆ ಕೈಮುಗಿದ ಅದೇ ಅಜ್ಜಿ ಪ್ರೆಶರ್ ಕುಕ್ಕರನ್ನು ಮಾತ್ರ ಒಂದು ವರ್ಷ ನಂಬಲಿಲ್ಲ. ಅದು ಸೀಟಿ ಹೊಡೆಯುವ ಹೊತ್ತಿಗೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಅನ್ನ ಬೆಂದ್ರೆ ಪರಿಮಳ ಬರಕ್ಕು, ಬೊಬ್ಬೆ ಹೊಡೆಯಲಾಗ" ಎಂಬುದು ಅವಳ ವಾದ. ಮುಂದೆ ಆ ಕುಕ್ಕರಿನ ರಬ್ಬರು ಹರಿದು ನಾಲ್ಕು ದಿನ ಪಾತ್ರೆಯಲ್ಲಿ ಅನ್ನ ಮಾಡಬೇಕಾಗಿ ಬಂದಾಗ ಹೆಚ್ಚು ಗೊಣಗಿದವಳೂ ಅವಳೇ. ನಾವು ಹಾಗೆಯೇ ಅನ್ನಿಸುತ್ತದೆ. ಹೊಸತನ್ನು ಮೊದಲು ಅನುಮಾನದಿಂದ ನೋಡುತ್ತೇವೆ, ಆಮೇಲೆ ಅದಕ್ಕೆ ಕುಂಕುಮ ಹಚ್ಚುತ್ತೇವೆ, ಆಮೇಲೆ ಅದಿಲ್ಲದೆ ಹೇಗೆ ಬದುಕಿದ್ದೆವೆಂಬುದನ್ನೇ ಮರೆತುಬಿಡುತ್ತೇವೆ.

ಸ್ಕೂಟರಿನ ವಿಷಯಕ್ಕೆ ಬರುತ್ತೇನೆ. ಅದು ನಾವು ತಂದದ್ದಲ್ಲ. ಯಲ್ಲಾಪುರದಲ್ಲಿರುವ ಮಗಳು ಸುಮಾ ಶಾಲೆಗೆ ಹೋಗಿಬರಲು ತೆಗೆದುಕೊಂಡಿದ್ದಳು. ಅಳಿಯ ಕಾರು ತಂದ ಮೇಲೆ ಗಂಡ ಹೆಂಡತಿ ಒಟ್ಟಿಗೇ ಹೋಗುವುದಾಯಿತು. "ಸುಮ್ಮನೆ ನಿಂತ್ರೆ ಬ್ಯಾಟರಿ ಹಾಳಾಗ್ತು ಆಯಿ, ನೀ ಕಲಿ" ಎಂದು ಹುಲೇಕಲ್ಲಿನ ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿ ಹೋದಳು. ನಾನು ಅದುವರೆಗೆ ನಡೆಸಿದ್ದ ಅತಿ ದೊಡ್ಡ ಯಂತ್ರವೆಂದರೆ ರುಬ್ಬುವ ಗ್ರೈಂಡರು.

ನಮ್ಮನೆಯವರೋ, ಮೂವತ್ತು ವರ್ಷದಿಂದ ಡ್ರೈವರು. ಹುಲೇಕಲ್ ಶಿರಸಿ ನಡುವೆ ಅವರ ಟೆಂಪೊ ಓಡುತ್ತದೆ. ಮಂಜಣ್ಣನ ಟೆಂಪೊ ಎಂದರೆ ಸಾಕು, ಮದುವೆ ಮುಂಜಿಗೆ ಎರಡು ತಿಂಗಳು ಮೊದಲೇ ಹೇಳಿಡುತ್ತಾರೆ. ಅವರಿಗೊಂದು ಬೆಳಗಿನ ಕ್ರಮವಿದೆ. ಸ್ನಾನವಾಗಿ, ಹಣೆಗೆ ವಿಭೂತಿ ಬಿದ್ದು, ಗಾಡಿಯೊಳಗಿನ ದೇವರ ಪಟಕ್ಕೆ ಊದುಬತ್ತಿ ಬೆಳಗಿದ ಮೇಲೆ ಎಂಜಿನ್ ಚಾಲೂ ಮಾಡುವುದು. ನಿಂತಲ್ಲೇ ಮೂರು ಸಲ ಜೋರಾಗಿ ರೇಸು ಕೊಡುವುದು. ಮೊದಲನೆಯದು ಗಣಪತಿಗೆ, ಎರಡನೆಯದು ಅಮ್ಮನವರಿಗೆ, ಮೂರನೆಯದು ಎಂಜಿನ್ನಿಗೆ. ಮೂರನೇ ರೇಸಿನ ಸದ್ದು ಕೇಳಿಯೇ "ಇವತ್ತು ಗಾಡಿಗೆ ಸ್ವಲ್ಪ ಶೀತ ಆಜು" ಎಂದು ಹೇಳಬಲ್ಲರು. ಈ ರೇಸು ಆಗದೆ ಅವರ ದಿನ ಶುರುವಾಗುವುದಿಲ್ಲ, ನನಗೆ ದೋಸೆ ಹೊಯ್ಯುವ ಹೊತ್ತಾಯಿತೆಂದು ಗೊತ್ತಾಗುವುದೂ ಇಲ್ಲ.

ಸ್ಕೂಟರು ಬಂದ ಮಾರನೇ ಬೆಳಿಗ್ಗೆ, ಮನೆಗೆ ಬಂದ ಹೊಸ ಗಾಡಿ ಎಂದು ಅದಕ್ಕೂ ಊದುಬತ್ತಿ ಬೆಳಗಿದರು. ಕೂತು ಕೀಲಿ ತಿರುಗಿಸಿ ಗುಂಡಿ ಒತ್ತಿದರು. ಸದ್ದಿಲ್ಲ. ಕಿವಿಯನ್ನು ಹ್ಯಾಂಡಲಿಗೆ ಹತ್ತಿರ ತಂದರು. ಉಸಿರೂ ಇಲ್ಲ.

"ಇದು ಚಾಲೂನೇ ಆಜಿಲ್ಲೆ" ಎಂದು ನನ್ನತ್ತ ತಿರುಗಿ, ಗಣಪತಿಯ ರೇಸು ಕೊಟ್ಟೇಬಿಟ್ಟರು.

ಮುಂದಿನದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಾಡಿ ಗರುಡನಂತೆ ಚಿಮ್ಮಿತು. ನಾನು ಆಗಷ್ಟೇ ಹಾಕಿದ ರಂಗೋಲಿಯನ್ನು ನಡುವಿಗೆ ಸೀಳಿಕೊಂಡು, ತುಳಸಿಕಟ್ಟೆಯನ್ನು ಒಂದು ಗೇಣು ಪಕ್ಕಕ್ಕೆ ಬಿಟ್ಟು, ಕೊಟ್ಟಿಗೆಯ ಬದಿಯ ಹುಲ್ಲಿನ ಗೊಣಬೆಯೊಳಗೆ ಸವಾರನ ಸಮೇತ ಹೊಕ್ಕಿತು. ಆ ಒಂದು ಗೇಣನ್ನು ನಾನು ಈಗಲೂ ದೇವರ ಕೃಪೆಯ ಲೆಕ್ಕದಲ್ಲೇ ಹಿಡಿಯುತ್ತೇನೆ. ಹುಲ್ಲಿನಿಂದ ಹೊರಬಂದ ನಮ್ಮನೆಯವರು ಮೀಸೆಯ ಮೇಲಿದ್ದ ಕಡ್ಡಿ ತೆಗೆದುಕೊಳ್ಳುತ್ತ, "ಬ್ರೇಕು ಸರಿ ಇಲ್ಲೆ" ಎಂದರು.

ಬ್ರೇಕು ಸರಿಯಾಗಿಯೇ ಇತ್ತು. ಸದ್ದು ಮಾಡದಿದ್ದರೂ ತಯಾರಾಗಿ ನಿಂತಿರುವ ಗಾಡಿಯೊಂದು ಲೋಕದಲ್ಲಿರಬಹುದು ಎಂಬುದು ಮೂವತ್ತು ವರ್ಷದ ಡ್ರೈವರಿಗೆ ಹೊಳೆದಿರಲಿಲ್ಲ, ಅಷ್ಟೆ. ನನಗೋ ಸದ್ದುಗದ್ದಲವಿಲ್ಲದೆ ಕೆಲಸಕ್ಕೆ ತಯಾರಾಗಿ ನಿಲ್ಲುವುದು ಹೊಸದೇನಲ್ಲ. ಮನೆಯ ಹೆಂಗಸರೆಲ್ಲ ಬೆಳಗಾದರೆ ಮಾಡುವುದು ಅದನ್ನೇ. ಆದ್ದರಿಂದಲೋ ಏನೋ, ನನಗೂ ಗಾಡಿಗೂ ಬೇಗ ಹೊಂದಿಕೆಯಾಯಿತು. ಶಾಲೆಯ ಮೈದಾನದಲ್ಲಿ ಹನ್ನೊಂದು ದಿನ ಸುತ್ತಿದೆ. ಎರಡು ಸಲ ಬಿದ್ದೆ. ಎರಡೂ ಸಲ ನೋಡಿದವರು ಯಾರೂ ಇರಲಿಲ್ಲ, ಅದೂ ಕೃಪೆಯೇ. ಆಮೇಲೆ ಲೈಸೆನ್ಸೂ ಆಯಿತು.

ಆದರೆ ಊರಿಗೆ ಹೊಂದಿಕೆಯಾಗಬೇಕಲ್ಲ? ಒಬ್ಬಳು ಕೇಳಿದಳು, ಮಳೆಯಲ್ಲಿ ಇದರ ಮೇಲೆ ಕೂತರೆ ಕಿವಿಯ ಓಲೆಗೆ ಶಾಕ್ ಹೊಡೆಯುವುದಿಲ್ಲವೇ ಎಂದು. ಇನ್ನೊಬ್ಬರು, ನಾಲ್ಕು ದಿನ ಕರೆಂಟು ಹೋದರೆ ಗಾಡಿಯನ್ನು ಏನು ಮಾಡುತ್ತೀ ಎಂದರು. ಅದು ನ್ಯಾಯವಾದ ಪ್ರಶ್ನೆ, ನಮ್ಮಲ್ಲಿ ಆಷಾಢದಲ್ಲಿ ಹಾಗೆ ಆಗುವುದುಂಟು. "ನಾಲ್ಕು ದಿನ ನಾನೂ ಮನೇಲೇ ಇರ್ತೆ" ಎಂದೆ. ನನಗೂ ಒಂದು ಗುಟ್ಟಿನ ಅನುಮಾನವಿತ್ತೆನ್ನಿ. ಗುಡುಗಿದರೆ ಟೀವಿಯ ವಯರು ಕೀಳುತ್ತೇವೆ. ಗಾಡಿಯ ಮೇಲಿರುವಾಗ ಗುಡುಗಿದರೆ ಏನು ಕೀಳಬೇಕು? ಸುಮಾಳಿಗೆ ಫೋನು ಮಾಡಿ ಕೇಳಿದೆ. ಅವಳು ನಕ್ಕದ್ದರಲ್ಲಿ ಅರ್ಧ ಕರೆನ್ಸಿ ಮುಗಿಯಿತು.

ಶಿರಸಿಯ ಟೆಂಪೊ ಸ್ಟ್ಯಾಂಡಿನಲ್ಲಂತೂ ದಿನವೂ ಇದರದೇ ವಿಚಾರಣೆ. ಅಲ್ಲಿ ಇಕ್ಬಾಲ್ ಭಾಯ್ ಎಂಬವರಿದ್ದಾರೆ, ನಮ್ಮನೆಯವರ ಸಮವಯಸ್ಕರು, ಬಾಡಿಗೆ ಕಾರು ಓಡಿಸುತ್ತಾರೆ. ನಾನು ಒಮ್ಮೆ ಅಲ್ಲಿಗೆ ಗಾಡಿ ತೆಗೆದುಕೊಂಡು ಹೋದಾಗ ಸುತ್ತಲೂ ಒಂದು ಪ್ರದಕ್ಷಿಣೆ ಬಂದು ನೋಡಿದರು.

"ಭಾಬಿ, ತಪ್ಪು ತಿಳೀಬ್ಯಾಡ್ರಿ. ಇದು ಮೊಬೈಲ್ ಇದ್ದಂಗೆ ಅದೆ. ಮೊದ್ಲು ಎರಡು ದಿನ ಬರ್ತದೆ, ಆಮೇಲೆ ಒಂದು ದಿನ, ಆಮೇಲೆ ಮಾತಾಡ್ತಾ ಮಾತಾಡ್ತಾನೇ ಖಲಾಸ್."

"ಹಂಗಾದ್ರೆ ಪೆಟ್ರೋಲು ಕರೆಂಟು ಎರಡೂ ಇಪ್ಪ ಕಾರು ಬಂಜಲ, ಅದು ಅಡ್ಡಿಲ್ಯ?" ಎಂದರು ನಮ್ಮನೆಯವರು.

"ಹೈಬ್ರಿಡ್ಡಾ? ನಮ್ಮ ಯಲ್ಲಾಪುರದ ಭಾವ ತಗೊಂಡಾನೆ. ಚೆನ್ನಾಗೇ ಓಡ್ತದೆ. ಆದ್ರೆ ಕೆಟ್ರೆ? ಎಂಜಿನ್ ಮಿಸ್ತ್ರಿ ಹತ್ರ ಹೋದ್ರೆ ಕರೆಂಟಿನವನ ಹತ್ರ ಹೋಗು ಅಂತಾನೆ. ಕರೆಂಟಿನವ ಎಂಜಿನ್ ಮಿಸ್ತ್ರಿ ಹತ್ರ ಹೋಗು ಅಂತಾನೆ. ಇವ ಇಬ್ಬರ ನಡುವೆ ಚಹಾ ಕುಡೀತಾ ಕೂರಬೇಕು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಕ್ಕು ಮನೆಗೆ ಬಂದ ಮೇಲೆ ನಮ್ಮನೆಯವರು ನಗಲಿಲ್ಲ. ಸ್ಟ್ಯಾಂಡಿನ ನಾಲ್ಕು ಜನರ ಮುಂದೆ ತಮ್ಮ ಮನೆಯ ಗಾಡಿ ನಗೆಪಾಟಲಾಯಿತೆಂಬುದು ಅವರಿಗೆ ಒಳಗೇ ಚುಚ್ಚಿತ್ತು. ಊಟಕ್ಕೆ ಕುಳಿತಾಗ ಮಜ್ಜಿಗೆಯ ಹೊತ್ತಿಗೆ ಹೇಳಿದರು:

"ಆನು ಹೇಳ್ತೆ ಕೇಳು. ಒಂದು ಸಲ, ಒಂದೇ ಒಂದು ಸಲ ಇದು ನಿನ್ನ ದಾರಿ ಮೇಲೆ ನಿಲ್ಸಿಹಾಕಿದ್ರೆ, ಮಾರನೇ ದಿನ ಯಲ್ಲಾಪುರಕ್ಕೆ ವಾಪಸ್. ಮಂಜಣ್ಣನ ಹೆಂಡ್ತಿ ರಸ್ತೆ ಬದೀಗೆ ನಿಂತು ಕಂಡವ್ಕೆ ಕೈ ಮಾಡದು ಬ್ಯಾಡ. ಎಂತ?"

"ಅಡ್ಡಿಲ್ಲೆ" ಎಂದೆ. ದೇವರ ಕೋಣೆಯ ಬಾಗಿಲು ತೆರೆದೇ ಇತ್ತು. ಮಾತು ಅಲ್ಲಿಗೂ ಕೇಳಿರುತ್ತದೆ ಎಂದುಕೊಂಡೆ.

ಒಪ್ಪಿದ್ದೇನೋ ಸಲೀಸಾಗಿ, ಆದರೆ ಆ ಹೊತ್ತಿಗಾಗಲೇ ಗಾಡಿ ನನಗೆ ಬರೀ ಗಾಡಿಯಾಗಿ ಉಳಿದಿರಲಿಲ್ಲ. ನಮ್ಮದೊಂದು ಹೆಂಗಸರ ಭಜನಾ ಮಂಡಳಿ. ನಾನು ಹಾರ್ಮೋನಿಯಂ, ಪಕ್ಕದ ಮನೆಯ ಸರಸ್ವತಕ್ಕ ತಾಳ. ಕರೆದವರ ಮನೆಗೆಲ್ಲ ಹೋಗುತ್ತೇವೆ. ಮೊದಲೆಲ್ಲ ಬಸ್ಸಿನಲ್ಲಿ ಹೋಗುವುದು. ಒಮ್ಮೆ ನೂಕಿನಲ್ಲಿ ಯಾರದೋ ಮೊಣಕಾಲು ತಾಗಿ ಹಾರ್ಮೋನಿಯಂನ ತಿದಿ ಹರಿದು, ಆ ದಿನ ಪೂರ್ತಿ ಅದು ಕೆಮ್ಮುತ್ತಲೇ ಹಾಡಿತು. ಬಸ್ಸು ತಪ್ಪಿದರೆ ಭಜನೆಯೇ ತಪ್ಪಿತು. ಎಷ್ಟೋ ಮನೆಯವರು ಕಾದು, ಕೊನೆಗೆ ತಾವೇ ಮಂಗಳಾರತಿ ಮಾಡಿ ಮುಗಿಸಿದ್ದಿದೆ. ಈ ಸ್ಕೂಟರಿನಲ್ಲಿ ಕಾಲಿಡುವ ಜಾಗ ಸಪಾಟು. ಪೆಟ್ಟಿಗೆಯನ್ನು ಅಲ್ಲಿಟ್ಟರೆ, ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ. ಗಾಡಿ ಬಂದ ಮೇಲೆ ಒಂದು ಭಜನೆಯೂ ತಪ್ಪಲಿಲ್ಲ, ಒಂದು ಮನೆಯವರೂ ನಮ್ಮನ್ನು ಕಾಯಲಿಲ್ಲ. ಹೆಮ್ಮೆ ಪಡಬಾರದು ಎನ್ನುತ್ತಾರೆ. ಪಟ್ಟಿದ್ದೇನೆ. ದೇವರ ಕೆಲಸದ ಮೇಲಿನ ಹೆಮ್ಮೆ, ಅವನೇ ಸ್ವಲ್ಪ ಕಡಿಮೆ ಮಾಡಿ ಬರೆದುಕೊಳ್ಳಲಿ.

ದಾರಿಯಲ್ಲಿ ಮಾತ್ರ ಒಂದು ತೊಂದರೆ. ಸದ್ದಿಲ್ಲದ ಗಾಡಿಗೆ ಕೋಳಿಯೂ ಹಾದಿ ಬಿಡುವುದಿಲ್ಲ, ಎಮ್ಮೆಯಂತೂ ತಿರುಗಿ ನೋಡುವುದೂ ಇಲ್ಲ. ಮಾತುಮಾತಿಗೆ ಹಾರ್ನ್ ಹೊಡೆಯಲು ನನಗೆ ನಾಚಿಕೆ. ಹಾಗಾಗಿ ಜೋರಾಗಿ ಭಜನೆ ಹೇಳುತ್ತ ಹೋಗುವ ರೂಢಿಯಾಯಿತು. ಪಲ್ಲವಿ ಕೇಳಿದ ಕೂಡಲೇ ಹುಲೇಕಲ್ಲಿನ ಕೋಳಿಗಳು ಈಗ ತಾವಾಗಿ ಬದಿಗೆ ಸರಿಯುತ್ತವೆ.

ಕಾರ್ತಿಕದಲ್ಲಿ ಮನ್ಮನೆಯಿಂದ ಕರೆ ಬಂತು. ಅಲ್ಲಿ ನನ್ನ ನಾದಿನಿಯ ಮನೆ. ಮನ್ಮನೆ ಸಿದ್ದಾಪುರ ತಾಲೂಕು. ನಮ್ಮಲ್ಲಿಂದ ಶಿರಸಿಗೆ ಬಂದು, ಸಿದ್ದಾಪುರದ ದಾರಿ ಹಿಡಿದು, ಮತ್ತೂ ಒಳಗೆ ಹೋಗಬೇಕು. ನಮ್ಮನೆಯವರ ಟೆಂಪೊಕ್ಕೆ ಆ ದಿನ ಮದುವೆಯ ಬಾಡಿಗೆ. ಉಳಿದವರು ಬಸ್ಸಿಗೆ ಹೋದರು. ನಾನು, ಸರಸ್ವತಕ್ಕ ಮತ್ತು ಹಾರ್ಮೋನಿಯಂ ಸ್ಕೂಟರಿಗೆ ಹೊರಟೆವು.

"ಏ ಭಾಗೀರಥಿ, ಇದು ಹೋಗ್ತಾ ಇದ್ದ, ನಿಂತಿದ್ದ? ಎಂತದೂ ಗೊತ್ತಾಗ್ತಿಲ್ಲೆ" ಎಂದು ಸರಸ್ವತಕ್ಕ ಹಿಂದಿನಿಂದ ಕೇಳುತ್ತಲೇ ಇದ್ದಳು.

"ಮರ ಹಿಂದೆ ಹೋಗ್ತಾ ಇದ್ದ ನೋಡು."

"ಕಣ್ಣು ಮುಚ್ಕಂಡಿದ್ದೆ ಮಾರಾಯ್ತಿ, ಮರ ಎಲ್ಲಿ ಕಾಣ್ತು?"

ಮನ್ಮನೆ ಮುಟ್ಟಿದಾಗ ಅರ್ಧಕ್ಕಿಂತ ತುಸು ಹೆಚ್ಚೇ ಚಾರ್ಜು ಉಳಿದಿತ್ತು. ಭಜನೆ ಮುಗಿಯುವುದರೊಳಗೆ ಅಲ್ಲಿಯೇ ತುಂಬಿಸಿಕೊಳ್ಳುವುದು ನನ್ನ ಯೋಜನೆ. ಆದರೆ ಆ ದಿನ ಅಲ್ಲಿ ಲೈನಿನ ಕೆಲಸ, ಸಂಜೆಯವರೆಗೆ ಕರೆಂಟಿಲ್ಲ. ಇರಲಿ, ನೇರ ಮನೆಗೆ ಹೋದರೆ ಸಾಕಾಗುತ್ತದೆ ಎಂದುಕೊಂಡೆ. ಭಜನೆ ಚೆನ್ನಾಗಿ ಆಯಿತು, ಊಟವೂ ಆಯಿತು.

ನೇರ ಮನೆಗೆ ಹೋದರೆ ಎಂದೆನಲ್ಲ, ತಪ್ಪಿದ್ದು ಅಲ್ಲಿಯೇ. ನಮ್ಮ ಮಂಡಳಿಯಲ್ಲಿ ಒಂದು ಕ್ರಮ. ಬರಲಾಗದವರ ಮನೆಗೆ ಅದೇ ದಿನ ಪ್ರಸಾದ ಮುಟ್ಟಬೇಕು. ಬಸ್ಸಿನ ಕಾಲದಲ್ಲಿ ಇದು ಯಾರ ಕೈಯಲ್ಲಾದರೂ ಹೋಗುತ್ತಿತ್ತು. ಗಾಡಿ ಬಂದ ಮೇಲೆ ಆ ಕೆಲಸ ನನ್ನದೆಂದೇ ಆಗಿಹೋಗಿತ್ತು. ಆ ದಿನ ಮೂವರು ಬಂದಿರಲಿಲ್ಲ. ಒಬ್ಬಳಿಗೆ ಜ್ವರ, ಒಬ್ಬಳ ಅತ್ತೆ ಬಚ್ಚಲಲ್ಲಿ ಜಾರಿದ್ದರು, ಇನ್ನೊಬ್ಬಳ ಮನೆಯಲ್ಲಿ ಬೆಳಗಿನ ಜಾವವಷ್ಟೇ ಆಕಳು ಕರು ಹಾಕಿತ್ತು. ಮಂಡಳಿಗೆ ಆ ಕಡೆಯಿಂದ ಬರುತ್ತಿದ್ದ ಈ ಮೂವರ ಮನೆಯೂ ಸಿದ್ದಾಪುರದ ದಾರಿಯಿಂದ ಒಳಗೊಳಗೆ. ಒಂದೊಂದಕ್ಕೂ ಇಳಿಯುವ ಹೊಂಡ, ಹತ್ತುವ ದಿಬ್ಬ. ನಾನು ಪ್ರಸಾದದ ಪೊಟ್ಟಣಗಳನ್ನು ಎಣಿಸಿದೆನೇ ಹೊರತು ಚಾರ್ಜಿನ ಗೆರೆಗಳನ್ನು ಎಣಿಸಲಿಲ್ಲ. ಕರುವಿನ ಮನೆಯಲ್ಲಂತೂ ಕರು ನೋಡದೆ ಬರಲಾಗುತ್ತದೆಯೇ?

ಶಿರಸಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ಗಾಡಿ ಸೋತಿತು. ಮುನಿಸಿಕೊಂಡು ನಿಲ್ಲಲಿಲ್ಲ, ಅದು ಅದರ ಸ್ವಭಾವವಲ್ಲ. ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಾವಿಬ್ಬರೂ ಇಳಿದು ದೂಡುವಷ್ಟು ನಿಧಾನವಾಯಿತು. ಮಧ್ಯಾಹ್ನ ಇಳಿದಿತ್ತು. ನಾನು ರಸ್ತೆ ಬದಿಗೆ ನಿಂತೆ. ಕಂಡವರಿಗೆ ಕೈ ಮಾಡಬಾರದು ಎಂದಿದ್ದ ಅದೇ ರಸ್ತೆ ಬದಿ.

"ಮಂಜಣ್ಣಂಗೆ ಫೋನು ಮಾಡೇ" ಎಂದಳು ಸರಸ್ವತಕ್ಕ.

"ಮಾಡ್ತಿಲ್ಲೆ."

"ಎಂತಕ್ಕೆ?"

"ಮಾಡಿದ್ರೆ ನಾಳೆ ಗಾಡಿ ಯಲ್ಲಾಪುರಕ್ಕೆ ಹೋಗ್ತು. ಮತ್ತೆ ನಂಗೆ ನಿಂಗೆ ಬಸ್ಸೇ."

ಸರಸ್ವತಕ್ಕ ಒಂದು ಗಳಿಗೆ ಯೋಚಿಸಿದಳು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಬಂದವಳು ಅವಳು. "ಹಂಗಾದ್ರೆ ಬ್ಯಾಡ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ಗಾಡಿ ದೂಡತೊಡಗಿದಳು.

ತುಸು ಮುಂದೆ ರಸ್ತೆಗೆ ತಾಗಿ ಒಂದು ಹೆಂಚಿನ ಮನೆ. ಅಂಗಳದಲ್ಲಿ ಒಬ್ಬ ಹೆಂಗಸು ಒಣಹಾಕಿದ ಭತ್ತವನ್ನು ಕಾಲಿನಿಂದ ಮಗುಚುತ್ತಿದ್ದಳು. ಗುರುತಿಲ್ಲದ ಮನೆ. ಹೋಗಿ ಏನೆಂದು ಕೇಳುವುದು? ನೀರು ಕೇಳಬಹುದು, ಕರೆಂಟು ಕೇಳುವುದು ಹೇಗೆ? ಆಗ ನನಗೆ ಇಡಗುಂದಿ ನೆನಪಾಯಿತು. ನಮ್ಮನೆಯ ಒಲೆಯಲ್ಲಿ ಬೆಂಕಿ ಆರಿದರೆ ಆಯಿ ನನ್ನ ಕೈಗೆ ತೆಂಗಿನ ಗರಟೆ ಕೊಟ್ಟು ಆಚೆಮನೆಗೆ ಕಳಿಸುತ್ತಿದ್ದಳು. ಆಚೆಮನೆಯವರು ಒಲೆಯಿಂದ ನಾಲ್ಕು ಕೆಂಡ ತೆಗೆದು, ಮೇಲೆ ಬೂದಿ ಮುಚ್ಚಿ ಕೊಡುತ್ತಿದ್ದರು. ಗರಟೆ ಬಿಸಿಯಾಗುವುದರೊಳಗೆ ಓಡಿ ಬರುವುದೇ ನನ್ನ ಆಟ. ಕೆಂಡ ಕೇಳಲು ನಾಚಿಕೆಪಟ್ಟವರನ್ನು ನಾನು ನೋಡಿರಲಿಲ್ಲ. ಇದೂ ಅದೇ ಅಲ್ಲವೇ ಎಂದುಕೊಂಡು ಅಂಗಳಕ್ಕೆ ಇಳಿದೆ.

"ಅಕ್ಕಾ, ಗಾಡಿಯ ಕರೆಂಟು ಮುಗಿದುಹೋತು. ನಿಮ್ಮನೆಯಿಂದ ಸ್ವಲ್ಪ ಕೊಡ್ತೀರಾ?"

ಅವಳು ಗಾಡಿಯನ್ನು, ಪೆಟ್ಟಿಗೆಯನ್ನು, ಬೆವರಿದ ಸರಸ್ವತಕ್ಕನನ್ನು ನೋಡಿದಳು. "ಕೊಡೂಕೆ ಎಂತ? ಬನ್ನಿ. ಆದ್ರೆ ನಮ್ಮನೇಲಿ ಪ್ಲಗ್ಗು ಇರೂದು ಒಂದೇ, ಟೀವೀದು" ಎಂದಳು. ಅವಳ ಹೆಸರು ಗೌರಮ್ಮ. ಒಳಗೆ ಟೀವಿ ಹಾಡುತ್ತಿತ್ತು. ಅವಳ ಧಾರಾವಾಹಿಯ ಹೊತ್ತು ಅದೆಂದು ಆಮೇಲೆ ತಿಳಿಯಿತು. ಟೀವಿಯ ವಯರು ಕಿತ್ತು ನನ್ನ ಚಾರ್ಜರಿಗೆ ಜಾಗ ಮಾಡಿಕೊಟ್ಟಳು. ಧಾರಾವಾಹಿ ಬಿಟ್ಟುಕೊಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆ ದಿನ ನಾನು ಎಣಿಸಿದ ಕೃಪೆಗಳಲ್ಲಿ ಅದೇ ದೊಡ್ಡದು.

"ಎಷ್ಟು ಹೊತ್ತು ಕುಡೀತದೆ ಇದು?"

"ಮನೆ ಮುಟ್ಟುವಷ್ಟಕ್ಕೆ ಎರಡು ತಾಸು."

"ನಮ್ಮನೆ ಎಮ್ಮೆಗಿಂತ ನಿಧಾನ" ಎಂದು ನಕ್ಕು, ಕೋಕಂ ಶರಬತ್ತು ಮಾಡಿ ತಂದಳು. ಕುಡಿದು ಸುಮ್ಮನೆ ಕೂರಲಾಗಲಿಲ್ಲ. ಅವಳ ಧಾರಾವಾಹಿ ನಿಲ್ಲಿಸಿದ ಋಣವಿತ್ತಲ್ಲ, ಹಾರ್ಮೋನಿಯಂ ಬಿಚ್ಚಿದೆ. ಸರಸ್ವತಕ್ಕ ತಾಳ ತೆಗೆದಳು. ಪಕ್ಕದ ಎರಡು ಮನೆಯ ಹೆಂಗಸರೂ ಸೇರಿಕೊಂಡರು. ಗೌರಮ್ಮನ ಗಂಟಲು ಎಂಥದೆನ್ನುತ್ತೀರಿ! ಎರಡನೇ ಸಲಕ್ಕೇ ಪಲ್ಲವಿ ಎತ್ತಿಕೊಂಡಳು. ಹೊರಡುವಾಗ ಉಳಿದಿದ್ದ ಒಂದು ಪ್ರಸಾದದ ಪೊಟ್ಟಣವನ್ನು ಅವಳ ಕೈಗಿಟ್ಟೆ. ಕಣ್ಣಿಗೊತ್ತಿಕೊಂಡು, "ಮುಂದಿನ ಸಲ ಕರೆಂಟು ಇದ್ರೂ ಬನ್ನಿ" ಎಂದಳು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದೆ. ನಮ್ಮನೆಯವರು ಆಗಷ್ಟೇ ಬಾಡಿಗೆ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. "ಭಜನೆ ಚಲೋ ಆತ?" ಎಂದರು. "ಆತು" ಎಂದೆ. ಮತ್ತೇನೂ ಕೇಳಲಿಲ್ಲ. ಕೇಳದ್ದನ್ನು ಹೇಳದಿದ್ದರೆ ಸುಳ್ಳಾಗುತ್ತದೆಯೇ? ದೇವರ ಮುಂದೆ ನಿಂತು ಬೆಂಕಿಪೆಟ್ಟಿಗೆ ತೆಗೆದೆ. ಒಂದು ಕಡ್ಡಿ ಗೀರಿದೆ, ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಗಾಳಿಯೇನೂ ಇರಲಿಲ್ಲ. ಕಡ್ಡಿಪೆಟ್ಟಿಗೆ ಅಲ್ಲೇ ಇಟ್ಟು ಜಗಲಿಗೆ ಬಂದೆ.

"ಗಾಡಿ ಇವತ್ತು ದಾರಿ ಮೇಲೆ ನಿಂತ್ಕಂತು. ಎರಡು ತಾಸು ಯಾರದೋ ಮನೇಲಿ ಚಾರ್ಜಿಗೆ ಇಟ್ಟಿದ್ದೆ. ನಾಳೆ ಸುಮಂಗೆ ಫೋನು ಮಾಡ್ತೆ, ಬಂದು ತಗಂಡು ಹೋಗ್ಲಿ."

ಅವರು ಕಾಲಿಗೆ ಸುರಿಯುತ್ತಿದ್ದ ನೀರು ನಿಲ್ಲಿಸಿದರು. ಸಿಟ್ಟು ಬರುತ್ತದೆಂದು ಕಾದೆ. ಬಂದದ್ದು ಸಿಟ್ಟಲ್ಲ, ಪ್ರಶ್ನೆಗಳು. ಎಲ್ಲಿ ನಿಂತಿತು? ಹಿಂದೆ ಸರಸ್ವತಕ್ಕ ಇದ್ದಳೇ? ಪೆಟ್ಟಿಗೆಯೂ? ಮೂರು ಮನೆಗೂ ಹೋದೆಯಾ? ಆ ಕರುವಿನ ಮನೆಯ ದಿಬ್ಬವನ್ನೂ ಹತ್ತಿತೇ, ಇಬ್ಬರನ್ನೂ ಕೂರಿಸಿಕೊಂಡು? ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಅವರು ಬೆರಳು ಮಡಚಿ ದಾರಿ ಅಳೆಯುತ್ತ ಹೋದರು. ಕೊನೆಗೆ ಬೆರಳುಗಳನ್ನೆಲ್ಲ ಬಿಡಿಸಿ ನನ್ನ ಮುಖ ನೋಡಿದರು.

"ಇಷ್ಟು ದೂರ ಬಂತನೇ ಅದು?"

"ಬಂತು."

ಆಮೇಲೆ ತಂಬಿಗೆ ಕೆಳಗಿಟ್ಟು, ಅಂಗಳದ ಕಡೆ ನೋಡುತ್ತ, ಯಾರಿಗೋ ಹೇಳುವವರ ಹಾಗೆ ಹೇಳಿದರು:

"ನಿನ್ನ ತಂಗಿ ಮದುವೆಗೆ ಆನು ತಂದ ದಿಬ್ಬಣದ ಗಾಡಿ ತಡ ಆತಲ, ನೆನಪಿದ್ದ?"

ನೆನಪಿಲ್ಲದೆ ಏನು? ಮುಹೂರ್ತ ಮೀರುವುದಕ್ಕೆ ನಾಲ್ಕೇ ನಿಮಿಷವಿತ್ತು. ಅರಬೈಲು ಘಾಟಿನಲ್ಲಿ ಮರ ಬಿದ್ದಿತ್ತು ಎಂದಿದ್ದರು. ಆ ಮರವನ್ನು ನಮ್ಮ ಮನೆತನವೇ ಎಷ್ಟು ವರ್ಷ ಬೈದಿದೆ!

"ಮರ ಬಿದ್ದಿರಲಿಲ್ಲೆ. ಡೀಸೆಲ್ ಮುಗಿದಿತ್ತು" ಎಂದರು. "ಮದುಮಗ ಇಳಿದು ದೂಡಿದ್ದ."

ನಾನು ಬಾಗಿಲು ಹಿಡಿದುಕೊಂಡು ನಕ್ಕೆ. ಅವರು ಮೊದಲು ನಗಲಿಲ್ಲ, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಇಷ್ಟು ವರ್ಷ ತಂಗಿಯ ಗಂಡ ಬಾಯಿ ಮುಚ್ಚಿಕೊಂಡಿದ್ದನಲ್ಲ, ಅವನ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಒಳಗೆ ಹೋಗಿ ಕಡ್ಡಿ ಗೀರಿದೆ. ಒಂದೇ ಸಲಕ್ಕೆ ಹತ್ತಿತು.

ಮಾರನೇ ದಿನ ಸುಮಾಳಿಗೆ ಫೋನು ಮಾಡೆಂದು ಅವರು ಹೇಳಲಿಲ್ಲ, ನಾನೂ ಮಾಡಲಿಲ್ಲ. ಆದರೆ ವಾರದೊಳಗೆ ಶಿರಸಿಯಿಂದ ವಯರು ಜೋಡಿಸುವವನನ್ನು ಕರೆದುಕೊಂಡು ಬಂದರು. ಏಕೆಂದರೂ ಹೇಳಲಿಲ್ಲ. ಸಂಜೆ ನೋಡಿದರೆ, ನಮ್ಮನೆಯ ರಸ್ತೆ ಕಡೆಯ ಗೋಡೆಗೆ ಒಂದು ದಪ್ಪ ಪ್ಲಗ್ಗು, ಅದರ ಮೇಲೆ ಮಳೆ ತಾಗದ ಹಾಗೆ ತಗಡಿನ ಸಣ್ಣ ಮಾಡು, ಕೆಳಗೆ ಇಬ್ಬರು ಕೂರುವಷ್ಟು ಕಲ್ಲುಹಾಸು.

"ಯಾರಾದ್ರೂ ನಿಂತ್ರೆ ಬೇಕಾಗ್ತು" ಎಂದರು, ಅಷ್ಟೇ.

ಮೊದಲು ನಿಂತವರು ಕಳೆದ ತಿಂಗಳು ಬಂದ ಗಂಡ ಹೆಂಡತಿ. ಹಾವೇರಿ ಕಡೆಯವರು, ಜಲಪಾತ ನೋಡಲು ಹೊರಟವರು, ಅವರದೂ ಇಂಥದೇ ಸ್ಕೂಟರು. ಆ ಹುಡುಗಿಯ ಮುಖದ ಮೇಲಿನ ಅಂಜಿಕೆಯನ್ನು ನಾನು ಗುರುತು ಹಿಡಿದೆ. ಒಳಗೆ ಬಂದು ಗ್ಯಾಸಿನ ಮೇಲೆ ಚಹಾಕ್ಕೆ ಇಟ್ಟೆ. ಹೊರಗೆ ನಮ್ಮನೆಯವರು ವಯರು ಚುಚ್ಚಿಕೊಟ್ಟು ಕಲ್ಲಿನ ಮೇಲೆ ಕುಳಿತು ಮಾತಿಗೆ ಶುರು ಮಾಡಿದ್ದು ಕಿಟಕಿಯಿಂದ ಕೇಳುತ್ತಿತ್ತು. ಇಳಿಜಾರಿನಲ್ಲಿ ಚಾರ್ಜು ಹೇಗೆ ತಿರುಗಿ ಬರುತ್ತದೆ, ದಿಬ್ಬದಲ್ಲಿ ಹ್ಯಾಂಡಲನ್ನು ಎಷ್ಟು ಮೆತ್ತಗೆ ತಿರುಗಿಸಬೇಕು ಎಂದೆಲ್ಲ, ಆ ಗಾಡಿಯನ್ನು ತಾವೇ ಹುಟ್ಟಿಸಿದವರ ಹಾಗೆ ಹೇಳುತ್ತಿದ್ದರು. ಆಮೇಲೆ ಡ್ರೈವರು ಡ್ರೈವರನ್ನು ಕೇಳುವ ಆ ಪ್ರಶ್ನೆ ಬಂತು.

"ನಿಮಗೆ ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರು ಬತ್ತು?"

"ಎಂಬತ್ತು ಬರತೈತ್ರಿ. ಭಾಳ ಅಂದ್ರ ಎಂಬತ್ತೈದು."

"ಎಂಬತ್ತಾ?" ನಮ್ಮನೆಯವರು ಎದ್ದು ಹೋಗಿ ಬಾಯಿಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. ಒಳಗೆ ನಾನು ಸೌಟು ಹಿಡಿದುಕೊಂಡು ನಿಂತೆ.

"ನಮ್ಮನೆಯವಳು ನೂರು ತೆಗೀತು" ಎಂದರು. "ಹಿಂದೆ ಒಬ್ಬರನ್ನ ಕೂರಿಸ್ಕಂಡು."

ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಹರಿಯಲಿ ಎಂದು ಬಿಟ್ಟೆ.